ಮೈಸೂರು–ಮಂಡ್ಯದ ಹಳ್ಳ, ನಾಲೆಗಳಲ್ಲಿ ಡ್ಯಾಮ್ಸೆಲ್‌ಫ್ಲೈ ಹುಡುಕಿ ಫೋಟೊ ತೆಗೆಯುವ ಬಗೆ

ಏರೋಪ್ಲೇನ್ ಚಿಟ್ಟೆಯ ಬಾಲಕ್ಕೆ ದಾರ ಕಟ್ಟಿ ಹಾರಿಸಿದ ಪಾಪ ಮಂಡ್ಯ ಸೀಮೆಯಲ್ಲಿ ಬೆಳೆದ ನನ್ನ ವಯಸ್ಸಿನ ಬಹುತೇಕರಿಗೆ ಅಂಟಿಕೊಂಡಿದೆ. ಆದರೆ ಅದೇ ಗದ್ದೆಯ ಬದುವಿನಲ್ಲಿ, ಅದೇ ನೀರಿನ ಅಂಚಿನಲ್ಲಿ, ಅದಕ್ಕಿಂತ ಸಣ್ಣದಾಗಿ, ಕಡ್ಡಿಯಷ್ಟೇ ತೆಳ್ಳಗಿರುವ ಅದರ ದಾಯಾದಿಯೊಂದು ಇರುತ್ತದೆಂಬುದನ್ನು ನಾವು ಗಮನಿಸಿದ್ದು ಕಡಿಮೆ. ಡ್ಯಾಮ್ಸೆಲ್‌ಫ್ಲೈ ಎಂಬ ಈ ಕೀಟಕ್ಕೆ ಊರೂರಿಗೂ ಒಂದೊಂದು ಹೆಸರಿರುವುದರಿಂದ, ಓದುವವರಿಗೆ ಗೊಂದಲವಾಗಬಾರದೆಂದು ಇಲ್ಲಿ ಇಂಗ್ಲಿಷ್ ಹೆಸರನ್ನೇ ಉಳಿಸಿಕೊಂಡಿದ್ದೇನೆ. ಕಾವೇರಿ, ಕಪಿಲೆ, ಹೇಮಾವತಿ, ಲೋಕಪಾವನಿ, ಶಿಂಷಾ ನದಿಗಳೂ ಅವುಗಳ ನೀರನ್ನು ಗದ್ದೆಗೆ ಒಯ್ಯುವ ನಾಲೆಗಳೂ ಹರಡಿಕೊಂಡಿರುವ ನಮ್ಮ ಎರಡು ಜಿಲ್ಲೆಗಳಲ್ಲಿ ಇವುಗಳನ್ನು ನೋಡಲು ಘಟ್ಟದ ಕಾಡಿನ ತನಕ ಹೋಗಬೇಕಾಗಿಲ್ಲ. ಬೆಳಿಗ್ಗೆ ತಿಂಡಿಗೆ ಮುಂಚೆ ಮನೆ ಬಿಟ್ಟು ಮಧ್ಯಾಹ್ನದ ಊಟಕ್ಕೆ ಮರಳಿ ಬರುವಷ್ಟು ದೂರದಲ್ಲೇ, ಎಲ್ಲಿ ಕೂರಬೇಕೆಂದು ತಿಳಿದವರಿಗೆ, ಹಲವು ಬಗೆಗಳು ಸಿಗುತ್ತವೆ.

ಯಾವುದು ಡ್ಯಾಮ್ಸೆಲ್‌ಫ್ಲೈ

ಏರೋಪ್ಲೇನ್ ಚಿಟ್ಟೆ ಕೂತಾಗ ರೆಕ್ಕೆಗಳನ್ನು ಎರಡೂ ಕಡೆಗೆ ಅಗಲವಾಗಿ ಚಾಚಿರುತ್ತದೆ. ಡ್ಯಾಮ್ಸೆಲ್‌ಫ್ಲೈ ಅವನ್ನು ಬೆನ್ನಿನ ಮೇಲೆ ಒಟ್ಟಾಗಿ ಮಡಿಸಿಕೊಂಡಿರುತ್ತದೆ. ಏರೋಪ್ಲೇನ್ ಚಿಟ್ಟೆಯ ದೊಡ್ಡ ಕಣ್ಣುಗಳು ಬಹುಪಾಲು ಬಗೆಗಳಲ್ಲಿ ನೆತ್ತಿಯ ಮೇಲೆ ಒಂದಕ್ಕೊಂದು ಅಂಟಿದಂತಿದ್ದರೆ, ಡ್ಯಾಮ್ಸೆಲ್‌ಫ್ಲೈಯ ಕಣ್ಣುಗಳು ಡಂಬೆಲ್ಸ್‌ನ ಎರಡು ಗುಂಡುಗಳಂತೆ ತಲೆಯ ಎರಡು ತುದಿಗಳಲ್ಲಿ ಬೇರೆಬೇರೆಯಾಗಿ ಕೂತಿರುತ್ತವೆ. ನಾಲ್ಕು ರೆಕ್ಕೆಗಳೂ ಹೆಚ್ಚುಕಡಿಮೆ ಒಂದೇ ಆಕಾರದವು. ಲೆಸ್ಟಿಸ್ ಎಂಬ ಗುಂಪಿನವು ಮಾತ್ರ ರೆಕ್ಕೆಗಳನ್ನು ಅರ್ಧ ತೆರೆದುಕೊಂಡೇ ಕೂರುತ್ತವೆಯಾದ್ದರಿಂದ ಹೊಸಬರು ಅಲ್ಲಿ ಎಡವುತ್ತಾರೆ. ಆಗ ಕಣ್ಣನ್ನು ನೋಡಿದರೆ ಅನುಮಾನ ಬಗೆಹರಿಯುತ್ತದೆ. ಎರಡೂ ಒಡೊನೇಟಾ ಎಂಬ ಒಂದೇ ಗಣಕ್ಕೆ ಸೇರಿದವು. ಜಗತ್ತಿನಲ್ಲಿ ಈ ಗಣದ 6 ಸಾವಿರಕ್ಕೂ ಹೆಚ್ಚು ಬಗೆಗಳನ್ನು ಗುರುತಿಸಲಾಗಿದ್ದು, ಅವುಗಳಲ್ಲಿ ಸುಮಾರು ಅರ್ಧದಷ್ಟು ಡ್ಯಾಮ್ಸೆಲ್‌ಫ್ಲೈಗಳು.

ಮೊದಲು ನೀರನ್ನು ನೋಡಿ

ಹೊಸದಾಗಿ ಶುರುಮಾಡಿದವರು ಸಾಮಾನ್ಯವಾಗಿ ಮಾಡುವ ತಪ್ಪೆಂದರೆ ದಂಡೆಯುದ್ದಕ್ಕೂ ನಡೆಯುತ್ತಲೇ ಇರುವುದು. ನಾನೂ ಮೊದಲ ಒಂದು ವರ್ಷ ಹಾಗೆಯೇ ಅಲೆದೆ; ಎರಡು ಕಿಲೋಮೀಟರು ನಡೆದು ನಾಲ್ಕು ಮಸುಕು ಫೋಟೊ ತಂದ ಬೆಳಗುಗಳೇ ಹೆಚ್ಚು. ಒಂದೊಂದು ಬಗೆಗೂ ತನ್ನದೇ ನೀರಿದೆ, ಆ ನೀರಿನಲ್ಲೂ ತನ್ನದೇ ಒಂದು ಮಾರು ಜಾಗವಿದೆ ಎಂಬುದು ತಿಳಿದ ಮೇಲೆ ನಡೆಯುವುದು ಕಡಿಮೆಯಾಯಿತು, ಸಿಗುವುದು ಹೆಚ್ಚಾಯಿತು. ಆದ್ದರಿಂದ ಕೀಟದ ಹೆಸರು ಕಲಿಯುವುದಕ್ಕೆ ಮುಂಚೆ ನೀರಿನ ಬಗೆಗಳನ್ನು ಗುರುತಿಸಲು ಕಲಿಯುವುದು ಒಳ್ಳೆಯದು.

ಮೊದಲನೆಯದು ಕಲ್ಲುಗಳ ನಡುವೆ ಸದ್ದು ಮಾಡುತ್ತ ಹರಿಯುವ ನೀರು. ಬಲಮುರಿ, ಎಡಮುರಿಯ ಸುತ್ತಮುತ್ತ, ಶ್ರೀರಂಗಪಟ್ಟಣದ ಆಸುಪಾಸಿನ ಕಾವೇರಿಯ ಕವಲುಗಳು, ಚುಂಚನಕಟ್ಟೆಯ ಕಡೆಯ ಬಂಡೆಗಳು ಈ ಬಗೆಯವು. ಬಣ್ಣದ ಆಸೆಯಿಂದ ಹೊರಟವರು ಇಲ್ಲಿಂದಲೇ ಶುರುಮಾಡಬೇಕು. ನೀರಿನಿಂದ ಒಂದು ಗೇಣು ಮೇಲೆ ತಲೆಯೆತ್ತಿದ ಕಲ್ಲಿನ ತುದಿಯಲ್ಲೋ, ಸಿಕ್ಕಿಹಾಕಿಕೊಂಡ ಒಣಕಡ್ಡಿಯ ಮೇಲೋ, ಕಪ್ಪು–ಹಳದಿ ಬಣ್ಣದ, ಮೈ ರೆಕ್ಕೆಗಿಂತಲೂ ಗಿಡ್ಡವಾಗಿರುವ, ಮೂತಿ ಉಬ್ಬಿಕೊಂಡ ಪುಟ್ಟ ಕೀಟ ಕೂತಿದ್ದರೆ ಅದು ರಿವರ್ ಹೆಲಿಯೊಡಾರ್‌ನ ಗಂಡು. ಅದರ ಹತ್ತಿರದ ಸಂಬಂಧಿಯಾದ ಸ್ಟ್ರೀಮ್ ರೂಬಿ ಭಾರತದ ಪರ್ಯಾಯ ದ್ವೀಪಕ್ಕೆ ಸೀಮಿತವಾದದ್ದು. ಗಂಡಿನ ಕಪ್ಪು ಮೈಯ ಮೇಲೆ ಕೆಂಪು ಗುರುತುಗಳಿರುತ್ತವೆ, ರೆಕ್ಕೆಗಳ ತುದಿಯ ಅರ್ಧ ಭಾಗ ಮೇಲ್ನೋಟಕ್ಕೆ ಮಸಿ ಬಳಿದಂತೆ ಕಂಡರೂ ಬಿಸಿಲು ಸರಿಯಾದ ಓರೆಯಲ್ಲಿ ಬಿದ್ದಾಗ ತಾಮ್ರ, ನೇರಳೆ ಬಣ್ಣಗಳಲ್ಲಿ ಮಿನುಗುತ್ತದೆ. ಇದೇ ನೀರಿನ ಅಂಚಿನ ಗಿಡಗಳಲ್ಲಿ ಡಿಸ್ಪರೊನ್ಯೂರ ಕ್ವಾಡ್ರಿಮ್ಯಾಕುಲೇಟ ಇರಬಹುದು. ಅದರ ಗಂಡಿನ ನಾಲ್ಕು ರೆಕ್ಕೆಗಳಲ್ಲೂ ಒಂದೊಂದು ಅಗಲವಾದ ಕಪ್ಪು ಪಟ್ಟೆಯಿರುವುದರಿಂದ, ಅದು ಹಾರುವಾಗ ಸುಟ್ಟ ಕಾಗದದ ಚೂರೊಂದು ಗಾಳಿಯಲ್ಲಿ ತೇಲಿದಂತೆ ಕಾಣುತ್ತದೆ.

ಎರಡನೆಯದು ಅದೇ ಹೊಳೆಯ ಪಕ್ಕದ ನೆರಳು. ಹೊಳೆಮತ್ತಿ, ನೇರಳೆ, ಹೊಂಗೆ ಮರಗಳ ಬೇರು ನೀರಿಗಿಳಿದಿರುವ ಕಡೆ, ಬಿದಿರುಮೆಳೆಯ ಕೆಳಗೆ, ನೀರು ಅರ್ಧ ನಿಂತು ಅರ್ಧ ಹರಿಯುವ ಕಡೆ ಕಾಪರ ಮಾರ್ಜಿನಿಪೆಸ್ ಸಿಗುತ್ತದೆ. ಕಪ್ಪು ಮೈ, ಅರಿಶಿನ ಮೆತ್ತಿದಂಥ ಕಾಲುಗಳು. ಇದರ ಹೊಸ ಹರೆಯದವು ಸುಣ್ಣದಂತೆ ಬೆಳ್ಳಗಿರುತ್ತವೆ. ನೆರಳಿನಲ್ಲಿ ಬಿಳಿ ನೂಲೊಂದು ತಾನಾಗಿ ತೇಲಿಹೋದದ್ದನ್ನು ಕಂಡರೆ ಅದು ಬೇರೆ ಬಗೆಯದೆಂದು ಬರೆದುಕೊಳ್ಳಬೇಡಿ. ಮುಖ ಕೇಸರಿ, ಬಾಲದ ತುದಿ ನೀಲಿ ಇರುವ ಸೂಡಾಗ್ರಿಯಾನ್ ರೂಬ್ರಿಸೆಪ್ಸ್ ಬಿಸಿಲು–ನೆರಳು ಸೇರುವ ಗಡಿಯಲ್ಲಿ, ನೀರಿನ ಮೇಲೆ ಬಾಗಿದ ಹುಲ್ಲಿನ ಎಸಳಿನ ಮೇಲೆ ಕೂರುತ್ತದೆ.

ಮೂರನೆಯದು ನಾಲೆ, ಬಸಿಗಾಲುವೆ ಮತ್ತು ಗದ್ದೆ. ಕಾಡಿಗೆ ಹೋಗುವವರು ಇದನ್ನು ಕೀಳಾಗಿ ಕಾಣುತ್ತಾರೆ. ನನಗೆ ಮಾತ್ರ ಇದೇ ಹೆಚ್ಚು ಕಲಿಸಿದ ಜಾಗ. ನಿಂಬೆಹಣ್ಣಿನ ಬಣ್ಣದ ಬಾಲವಿರುವ ಸೆರಿಯಾಗ್ರಿಯಾನ್ ಕೋರಮಂಡಲಿಯಾನಮ್, ಬಾಲದ ಬುಡ ಮತ್ತು ತುದಿ ಕಿತ್ತಳೆಯಾಗಿ ನಡು ಕಪ್ಪಾಗಿರುವ ಸೆರಿಯಾಗ್ರಿಯಾನ್ ಸೆರಿನೊರುಬೆಲ್ಲಮ್, ಹಳದಿ ಬಾಲಕ್ಕೆ ನೀಲಿ ತುದಿಯಿರುವ ಇಷ್ನೂರ ರೂಬಿಲಿಯೊ, ಹಾಗೂ ಬೆರಳಿನ ಎರಡು ಗಿಣ್ಣಿಗಿಂತ ಉದ್ದವಿರದ ಅಗ್ರಿಯಾಕ್ನೆಮಿಸ್ ಪಿಗ್ಮಿಯಾ, ಇಷ್ಟನ್ನೂ ಒಂದೇ ತೂಬಿನ ಅಕ್ಕಪಕ್ಕದಲ್ಲಿ ನೋಡಬಹುದು. ಆದರೆ ನಾಲೆಗಳೆಲ್ಲ ಒಂದೇ ಅಲ್ಲ. ಹೆಣ್ಣು ಡ್ಯಾಮ್ಸೆಲ್‌ಫ್ಲೈ ತನ್ನ ಮೊಟ್ಟೆಯನ್ನು ನೀರಿಗೆ ಸುಮ್ಮನೆ ಉದುರಿಸುವುದಿಲ್ಲ, ನೀರಿನ ಗಿಡದ ಕಾಂಡವನ್ನೋ ಕೊಳೆಯುತ್ತಿರುವ ಕಡ್ಡಿಯನ್ನೋ ಕೊಯ್ದು ಅದರೊಳಗೆ ಇಡುತ್ತದೆ. ಹೀಗಾಗಿ ಸಿಮೆಂಟಿನ ಹೊದಿಕೆ ಹಾಕಿ, ಅಂಚಿನ ಹುಲ್ಲು ಕೆರೆದು ನುಣ್ಣಗೆ ಮಾಡಿದ ನಾಲೆಯಲ್ಲಿ ನೀರು ಎಷ್ಟೇ ತಿಳಿಯಾಗಿದ್ದರೂ ಅದಕ್ಕೆ ಮೊಟ್ಟೆಯಿಡಲು ಜಾಗವಿಲ್ಲ. ಕೆ.ಆರ್.ಎಸ್. ಅಣೆಕಟ್ಟಿಗಿಂತ ಹಳೆಯದಾದ ವಿರಿಜಾ, ಚಿಕ್ಕದೇವರಾಜ ಸಾಗರದಂಥ ನಾಲೆಗಳಲ್ಲಾಗಲಿ, ವಿಶ್ವೇಶ್ವರಯ್ಯ ನಾಲೆಯ ಉಪನಾಲೆಗಳಲ್ಲಾಗಲಿ, ಮಣ್ಣಿನ ದಡ ಉಳಿದು ಜೊಂಡು, ಹುಲ್ಲು ನೀರಿಗೆ ಬಾಗಿರುವ ತುಣುಕುಗಳನ್ನು ಹುಡುಕಿಕೊಳ್ಳಬೇಕು. ಅದಕ್ಕಿಂತ ಸುಲಭವಾದದ್ದು ಗದ್ದೆಯಿಂದ ಹೊರಬಂದ ನೀರು ಸೇರುವ ಬಸಿಗಾಲುವೆ. ಅದರ ದಡವನ್ನು ಕೆರೆಯಲು ಯಾರೂ ಅಷ್ಟಾಗಿ ಹೋಗುವುದಿಲ್ಲ.

ನಾಲ್ಕನೆಯದು ಕೆರೆಯಂಚು. ಮೈಸೂರಿನಲ್ಲಿರುವವರಿಗೆ ಕುಕ್ಕರಹಳ್ಳಿ, ಲಿಂಗಾಂಬುಧಿ ಕೆರೆಗಳು ಅಭ್ಯಾಸಕ್ಕೆ ಸಾಕು. ತಾವರೆ, ನೈದಿಲೆ ಎಲೆಯ ಮೇಲೆ ಚಪ್ಪಟೆಯಾಗಿ ಕೂರುವ ಕೀಟಗಳು ದಂಡೆಯಿಂದ ದೂರವಿರುವುದರಿಂದ ಉದ್ದನೆಯ ಲೆನ್ಸ್ ಇಲ್ಲದವರಿಗೆ ಇಲ್ಲಿ ಸ್ವಲ್ಪ ನಿರಾಸೆಯಾಗಬಹುದು.

ಯಾವ ನೀರಾದರೂ ಸರಿ, ಮೂಗಿಗೂ ಕೆಲಸ ಕೊಡಿ. ಡ್ಯಾಮ್ಸೆಲ್‌ಫ್ಲೈಯ ಮರಿ ನೀರೊಳಗೇ ಬೆಳೆಯುತ್ತದೆ, ಬಾಲದ ತುದಿಯ ಮೂರು ಎಲೆಯಂಥ ಕಿವಿರುಗಳು ಅದರ ಉಸಿರಾಟಕ್ಕೆ ನೆರವಾಗುತ್ತವೆ. ಸಾಬೂನಿನ ನೊರೆ ಕಟ್ಟಿದ, ಚರಂಡಿ ಸೇರಿದ ನೀರಿನಲ್ಲಿ ಹೊಳೆಯ ಬಗೆಗಳು ಬದುಕುವುದಿಲ್ಲ. ಇಷ್ನೂರ ಸೆನೆಗಲೆನ್ಸಿಸ್ ಎಂಬ ಸಣ್ಣ ಕೀಟ ಮಾತ್ರ ಕೊಳೆ ನೀರನ್ನೂ ತಾಳಿಕೊಳ್ಳುತ್ತದೆ. ಒಂದು ಗಂಟೆ ಕೂತರೂ ಅದೊಂದೇ ಕಾಣುತ್ತಿದ್ದರೆ ಜಾಗ ಬದಲಿಸಿ, ಹರಿವಿನ ಮೇಲ್ಭಾಗಕ್ಕೆ ಹೋಗಿ.

ಯಾವ ತಿಂಗಳು, ಎಷ್ಟು ಹೊತ್ತಿಗೆ

ಮುಂಗಾರಿನ ಕೆಂಪು ನೀರು ಇಳಿದು ಹೊಳೆ ತಿಳಿಯಾಗುವ ಸೆಪ್ಟೆಂಬರ್ ಕೊನೆಯಿಂದ ಡಿಸೆಂಬರ್ ತನಕದ ದಿನಗಳು ನಮ್ಮಲ್ಲಿ ಅತ್ಯಂತ ಅನುಕೂಲ. ಮೇ ತಿಂಗಳ ಮಳೆ ಬಿದ್ದ ಮೇಲಿನ ಎರಡು ಮೂರು ವಾರಗಳೂ ಚೆನ್ನ. ಬೇಸಿಗೆಯಲ್ಲಿ ನಾಲೆಗೆ ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸಿ, ನೀರು ಹರಿಸುವಾಗ, ನೀರು ನಿಂತ ದಿನಗಳಲ್ಲಿ ತೂಬಿನ ಬಾಯಿಯ ಗುಂಡಿಗಳಲ್ಲಿ ಉಳಿದ ನೀರಿನ ಸುತ್ತ ಕೀಟಗಳು ಒತ್ತಾಗಿ ಸೇರಿರುವುದುಂಟು. ಕಷ್ಟಕಾಲದ ಆ ನೋಟ ಫೋಟೊ ತೆಗೆಯುವವನಿಗೆ ಮಾತ್ರ ಅನುಕೂಲ.

ಹೊತ್ತಿನ ವಿಷಯದಲ್ಲಿ ಎರಡು ಲೆಕ್ಕಗಳಿವೆ. ಗದ್ದೆ ಮತ್ತು ಬಸಿಗಾಲುವೆಗೆ ಬೆಳಿಗ್ಗೆ ಆರೂವರೆಗೆಲ್ಲ ತಲುಪಿರಬೇಕು. ಕೀಟದ ಮೈ ಬಿಸಿಲಿಗೆ ಕಾಯುವ ತನಕ ಅದಕ್ಕೆ ಚೆನ್ನಾಗಿ ಹಾರಲು ಆಗುವುದಿಲ್ಲವಾದ್ದರಿಂದ, ಇಬ್ಬನಿ ಮೆತ್ತಿಕೊಂಡು ಹುಲ್ಲಿನ ತುದಿಯಲ್ಲಿ ಅಲುಗದೆ ಕೂತಿರುತ್ತದೆ. ಎಂಟೂವರೆ ಒಂಬತ್ತರ ಹೊತ್ತಿಗೆ ಆ ಅವಕಾಶ ಮುಗಿಯಿತು. ಹೊಳೆಯ ಕಲ್ಲಿನ ಮೇಲಿನ ಹೆಲಿಯೊಡಾರ್, ರೂಬಿಗಳ ಲೆಕ್ಕವೇ ಬೇರೆ. ಅವು ಬಿಸಿಲು ನೀರಿಗೆ ಬಿದ್ದ ಮೇಲೆಯೇ ಬರುವಂಥವು. ಹತ್ತರಿಂದ ಒಂದು ಗಂಟೆಯ ತನಕ ಅವುಗಳ ಜಗಳ, ಪ್ರಣಯ ಎಲ್ಲವೂ ನಡೆಯುತ್ತದೆ. ಬೆಳಿಗ್ಗೆ ಗದ್ದೆ, ತಿಂಡಿಯ ನಂತರ ಹೊಳೆ ಎಂದು ದಿನವನ್ನು ಹಂಚಿಕೊಂಡರೆ ಎರಡೂ ಕೈಗೆ ಸಿಗುತ್ತವೆ. ಗಾಳಿ ಬೀಸುವ ದಿನ ಗದ್ದೆಯ ಕಡೆ ಹೋಗುವುದು ವ್ಯರ್ಥ.

ಇಳಿಯುವ ಮುನ್ನ

ಕಾವೇರಿಯಲ್ಲಿ ನೀರಿನ ಮಟ್ಟ ಅಣೆಕಟ್ಟಿನ ಗೇಟಿನ ಮಾತು ಕೇಳುತ್ತದೆ. ಕೆ.ಆರ್.ಎಸ್.ನ ಒಳಹರಿವು, ಹೊರಹರಿವು ಪತ್ರಿಕೆಗಳಲ್ಲಿ ದಿನವೂ ಬರುತ್ತವೆ. ಮಳೆಗಾಲದಲ್ಲಿ ಅದನ್ನು ನೋಡದೆ ನದಿಯ ನಡುವಿನ ಬಂಡೆಗೆ ಹೋಗಲೇಬಾರದು. ಬಲಮುರಿ, ಎಡಮುರಿಗಳಲ್ಲಿ ಈಜಲು ಹೋಗಿ ಜೀವ ಕಳೆದುಕೊಂಡವರಿದ್ದಾರೆ, ಅಲ್ಲಿ ಮೊಣಕಾಲುದ್ದ ನೀರಿನ ಪಕ್ಕದಲ್ಲೇ ಆಳವಿರುತ್ತದೆ. ಶ್ರೀರಂಗಪಟ್ಟಣ, ರಂಗನತಿಟ್ಟಿನ ಕಡೆಯ ಕಾವೇರಿಯಲ್ಲಿ ಮೊಸಳೆಗಳಿವೆ ಎಂಬುದನ್ನು ಊರಿನವರು ನೆನಪಿಸುವ ತನಕ ಕಾಯಬೇಡಿ. 1940ರಿಂದ ಪಕ್ಷಿಧಾಮವಾಗಿರುವ ರಂಗನತಿಟ್ಟಿನ ಒಳಗೆ ಬೇಕಾದ ಕಡೆ ದಂಡೆಗಿಳಿದು ಕೂರಲು ಅವಕಾಶವಿಲ್ಲ. ಇನ್ನಾವುದೇ ಅರಣ್ಯ ಪ್ರದೇಶದಲ್ಲೂ ಅನುಮತಿ ಪಡೆದೇ ಹೋಗಬೇಕು. ಕಬ್ಬು, ಭತ್ತದ ಬದುಗಳಲ್ಲಿ ಕೊಳಕುಮಂಡಲ ಇರುವುದರಿಂದ ಹುಲ್ಲಿನೊಳಗೆ ಕೈಯಿಡುವ, ಮಂಡಿಯೂರುವ ಮುನ್ನ ಕೋಲಿನಿಂದ ತಟ್ಟಿ ನೋಡುವುದು ವಾಡಿಕೆಯಾಗಬೇಕು.

ಚಪ್ಪಲಿಯ ಬದಲು ಒದ್ದೆಯಾದರೂ ಪರವಾಗಿಲ್ಲವೆನ್ನುವ ಹಳೆಯ ಕ್ಯಾನ್ವಾಸ್ ಶೂ, ಮಾಸಲು ಹಸಿರು ಅಥವಾ ಕಂದು ಬಣ್ಣದ ಅಂಗಿ, ಒಂದು ಟವೆಲ್, ಕ್ಯಾಮೆರಾ ಹಿಡಿಸುವ ಜಿಪ್ ಕವರ್ ಇಷ್ಟಿದ್ದರೆ ಸಾಕು. ಜಿಪ್ ಕವರ್ ಇದ್ದೂ ಅದನ್ನು ಚೀಲದಲ್ಲೇ ಬಿಟ್ಟು, ಪಾಚಿಗಲ್ಲಿನ ಮೇಲೆ ಜಾರಿ, ಕ್ಯಾಮೆರಾವನ್ನು ಎತ್ತಿ ಹಿಡಿದರೂ ಫ್ಲ್ಯಾಶನ್ನು ಕಾವೇರಿಗೆ ಅರ್ಪಿಸಿದವನು ನಾನು.

ಇನ್ನೊಂದು ವಿಷಯ. ಯಾರದೋ ಗದ್ದೆಯ ಬದುವಿನಲ್ಲಿ ಬೆಳಿಗ್ಗೆ ಏಳಕ್ಕೆ ಕ್ಯಾಮೆರಾ ಹಿಡಿದು ಮಂಡಿಯೂರಿದವನನ್ನು ಕಂಡರೆ ಯಜಮಾನನಿಗೆ ಅನುಮಾನ ಬಾರದಿರುವುದಿಲ್ಲ. ಪಾಂಡವಪುರದ ಕಡೆಯ ಒಂದು ಬಸಿಗಾಲುವೆಯಲ್ಲಿ ಹಿರಿಯರೊಬ್ಬರು ಹೆಗಲ ಮೇಲೆ ಗುದ್ದಲಿ ಹೊತ್ತು ಬಂದು, "ಏನ್ ಸಾ, ರಸ್ತೆಗೆ ಸರ್ವೆನಾ? ನಮ್ ಗದ್ದೆಗೂ ಬತ್ತದಾ?" ಎಂದರು. ನಾನು ಕ್ಯಾಮೆರಾದ ಹಿಂಬದಿಯ ಪರದೆಯಲ್ಲಿ ಹಳದಿ ಬಾಲದ ಕೀಟವನ್ನು ದೊಡ್ಡದಾಗಿಸಿ ತೋರಿಸಿ, "ಇಲ್ಲ ಯಜಮಾನ್ರೇ, ಈ ಹುಳದ ಫೋಟೊ, ಇದು ಸೊಳ್ಳೆ, ಸಣ್ಣಪುಟ್ಟ ಜಿಗಿಹುಳ ತಿನ್ನುತ್ತೆ" ಎಂದೆ. ಅವರು ಸ್ವಲ್ಪ ಹೊತ್ತು ನೋಡಿ, "ಔಸ್ತಿ ಹೊಡುದ್ ಮೇಲೆ ಇವೆಲ್ಲಿ ಅವೆ ಸಾ, ಆ ಕಡೆ ಕೊನೇ ಗದ್ದೆಗೋಗಿ, ಅವ್ನು ಈ ಸಲ ಹೊಡೆದಿಲ್ಲ" ಎಂದು ದಾರಿ ತೋರಿಸಿದರು. ಅವರು ಹೇಳಿದ ಗದ್ದೆಯಲ್ಲಿ ನಿಜವಾಗಿಯೂ ಕೀಟಗಳು ಹೆಚ್ಚಿದ್ದವು. ಮೊದಲು ಮಾತನಾಡಿಸಿ, ಫೋಟೊ ತೋರಿಸಿ, ನಾಟಿ ಮಾಡಿದ ಪೈರಿನೊಳಗೆ ಕಾಲಿಡಬೇಡಿ.

ಕೂತು ನೋಡುವುದು

ದಂಡೆಗೆ ಬಂದ ಕೂಡಲೇ ಕ್ಯಾಮೆರಾ ತೆಗೆಯಬೇಡಿ. ನೀರಿನಿಂದ ಎರಡು ಮಾರು ದೂರದಲ್ಲಿ, ಸೂರ್ಯ ಸ್ವಲ್ಪ ಎದುರಿಗಿರುವಂತೆ ಕೂತು ಹತ್ತು ನಿಮಿಷ ಸುಮ್ಮನೆ ನೋಡಿ. ಎದುರು ಬೆಳಕಿನಲ್ಲಿ ರೆಕ್ಕೆಗಳು ಗಾಜಿನ ಚೂರಿನಂತೆ ಮಿಂಚುವುದರಿಂದ, ಕಣ್ಣಿಗೆ ಸಿಗದ ಕೀಟವೂ ತಾನಾಗಿ ಸಿಗುತ್ತದೆ. ನೀರಿನ ಮಟ್ಟದಿಂದ ಮೊಣಕಾಲೆತ್ತರದ ತನಕದ ಪಟ್ಟಿಯೊಂದನ್ನೇ ಎಡದಿಂದ ಬಲಕ್ಕೆ ನಿಧಾನವಾಗಿ ನೋಡುತ್ತ ಹೋಗಿ. ಹೊಳೆ, ಗದ್ದೆಯ ಬಹುತೇಕ ಬಗೆಗಳು ಆ ಪಟ್ಟಿಯೊಳಗೇ ಇರುತ್ತವೆ. ಹುಲ್ಲಿನ ಎಸಳುಗಳೆಲ್ಲ ಒಂದು ಓರೆಯಲ್ಲಿರುವಾಗ ಅವುಗಳಿಗೆ ಅಡ್ಡವಾಗಿ ಚಾಚಿಕೊಂಡ ಕಡ್ಡಿಯೊಂದು ಕಂಡರೆ ಅದೇ ನೀವು ಹುಡುಕುತ್ತಿರುವುದು.

ಹೆಲಿಯೊಡಾರ್, ರೂಬಿಗಳ ಗಂಡುಗಳು ಒಂದೊಂದು ಕಲ್ಲನ್ನೋ ಕಡ್ಡಿಯನ್ನೋ ತಮ್ಮದಾಗಿ ಮಾಡಿಕೊಂಡು ಕಾಯುತ್ತವೆ. ಇನ್ನೊಂದು ಗಂಡು ಬಂದರೆ ಎರಡೂ ಮುಖಕ್ಕೆ ಮುಖ ಕೊಟ್ಟು ಗಾಳಿಯಲ್ಲೇ ನಿಂತು, ಮೇಲಕ್ಕೂ ಕೆಳಕ್ಕೂ ತೂಗಾಡಿ, ಒಂದು ಸೋತು ಹೋದ ಮೇಲೆ ಗೆದ್ದದ್ದು ಮತ್ತೆ ಅದೇ ಕಲ್ಲಿಗೆ ಬಂದು ಕೂರುತ್ತದೆ. ಹಾಗಾಗಿ ಅದು ಹಾರಿಹೋದಾಗ ಹಿಂದೆ ಓಡುವ ಬದಲು ಆ ಖಾಲಿ ಕಲ್ಲಿನ ಹತ್ತಿರಕ್ಕೆ ಇನ್ನೆರಡು ಹೆಜ್ಜೆ ಸರಿದು, ಫೋಕಸನ್ನು ಮೊದಲೇ ಅಲ್ಲಿಗೆ ಹೊಂದಿಸಿಕೊಂಡು ಕೂರುವುದು ಉಪಾಯ. ನಮ್ಮ ನೆರಳು ಕೀಟದ ಮೇಲೆ ಹಾಯಬಾರದು. ಅಡ್ಡಡ್ಡ ಚಲನೆಯನ್ನು ಅದು ಬೇಗ ಗುರುತಿಸುತ್ತದೆ; ನೇರವಾಗಿ, ನೆಲಕ್ಕೆ ಹತ್ತಿರವಾಗಿ, ಉಸಿರು ಬಿಟ್ಟು ಉಸಿರು ತೆಗೆದುಕೊಳ್ಳುವಷ್ಟು ಹೊತ್ತಿಗೆ ಒಂದು ಗೇಣಿನಂತೆ ಮುಂದೆ ಸರಿಯಿರಿ.

ಗದ್ದೆಯ ಸಣ್ಣ ಬಗೆಗಳಿಗೆ ಒಂದು ಚಾಳಿಯಿದೆ. ನೀವು ಹತ್ತಿರವಾದಂತೆ ಹಾರಿಹೋಗದೆ, ಕಾಂಡವನ್ನು ತಬ್ಬಿಕೊಂಡೇ ಮರೆಯ ಮಗ್ಗುಲಿಗೆ ಸುತ್ತಿ ಬಿಡುತ್ತವೆ. ಹುಲ್ಲಿನ ಎರಡು ಬದಿಗೂ ಒಂದೊಂದು ಕಣ್ಣು ಮಾತ್ರ ಇಣುಕುತ್ತಿರುತ್ತದೆ. ಆಗ ಎಡಗೈಯನ್ನು ನಿಧಾನವಾಗಿ ಮುಂದೆ ಚಾಚಿ, ಕಾಂಡದ ಆಚೆ ಬದಿಗೆ ಒಂದು ಬೆರಳನ್ನು ಹಿಡಿಯಿರಿ. ಬೆರಳಿನಿಂದ ತಪ್ಪಿಸಿಕೊಳ್ಳಲು ಅದು ಮತ್ತೆ ಕ್ಯಾಮೆರಾದ ಕಡೆಗೇ ಸುತ್ತಿ ಬರುತ್ತದೆ. ಬೆರಳು ಕಾಂಡವನ್ನು ಮುಟ್ಟಬಾರದು, ಮುಟ್ಟಿದರೆ ಆಟ ಮುಗಿಯಿತು.

ಕ್ಯಾಮೆರಾ

ಉಪಕರಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. 90ರಿಂದ 105 ಮಿ.ಮೀ. ಮ್ಯಾಕ್ರೊ ಲೆನ್ಸ್ ಅನುಕೂಲ, ಹೊಳೆಯ ನಡುವಿನ ಕಲ್ಲಿಗೆ 300 ಮಿ.ಮೀ.ನಷ್ಟು ಉದ್ದದ ಲೆನ್ಸ್ ಬೇಕಾಗುತ್ತದೆ. ಎರಡೂ ಇಲ್ಲದವರು ಇರುವ ಝೂಮ್ ಲೆನ್ಸಿನ ಮುಂದೆ ರೇನಾಕ್ಸ್ ಡಿಸಿಆರ್-250ರಂಥ ಕ್ಲೋಸಪ್ ಲೆನ್ಸನ್ನು ಸಿಕ್ಕಿಸಿ ಶುರುಮಾಡಬಹುದು. ಮೊಬೈಲಿನಲ್ಲಿ ಇಬ್ಬನಿಯ ಹೊತ್ತಿನ ಕೀಟಗಳು ಚೆನ್ನಾಗಿಯೇ ಬರುತ್ತವೆ.

ನಿಜವಾದ ಕಷ್ಟವಿರುವುದು ಫೋಕಸ್ ಆಗುವ ಆಳದಲ್ಲಿ. ಕೀಟ ಸೆನ್ಸರ್ ಮೇಲೆ ತನ್ನ ನಿಜ ಗಾತ್ರದಲ್ಲೇ ಬೀಳುವಷ್ಟು ಹತ್ತಿರ ಹೋದರೆ, ಲೆನ್ಸಿನ ಕಿಂಡಿಯನ್ನು ಎಫ್/11ರಷ್ಟು ಕಿರಿದಾಗಿಸಿದರೂ ಸ್ಪಷ್ಟವಾಗಿ ಕಾಣುವ ಆಳ ಸುಮಾರು ಒಂದು ಮಿಲಿಮೀಟರು ಮಾತ್ರ. ಆದರೆ 35–40 ಮಿ.ಮೀ. ಉದ್ದದ ಕೀಟವನ್ನು ಪೂರ್ತಿಯಾಗಿ ಹಿಡಿಸಲು ಅಷ್ಟು ಹತ್ತಿರ ಹೋಗಬೇಕಾಗಿಯೇ ಇಲ್ಲ. ಅರ್ಧ ಗಾತ್ರ ಸಾಕು, ಆಗ ಆಳ ಎರಡು ಮಿಲಿಮೀಟರಿಗಿಂತ ಹೆಚ್ಚಾಗುತ್ತದೆ. ಆ ಎರಡು ಮಿಲಿಮೀಟರಿನೊಳಗೆ ಇಡೀ ಮೈ ಕೂರಬೇಕಾದರೆ ಸೆನ್ಸರ್ ಕೀಟದ ಮೈಗೆ ಸಮಾನಾಂತರವಾಗಿರಬೇಕು. ಕೀಟ ಓರೆಯಾಗಿ ಕೂತಿದ್ದರೆ ನೀವೂ ಅಷ್ಟೇ ಓರೆಯಾಗಬೇಕು, ಅದು ನೀರಿನ ಕಡೆ ಬಾಗಿದ್ದರೆ ನೀವು ಮೊಣಕೈಯೂರಿ ಕೆಸರಿಗೆ ಬಾಗಬೇಕು. ಕ್ಯಾಮೆರಾದ ಹಿಂಬದಿಯನ್ನು ಒಂದು ಹಲಗೆಯೆಂದು ಭಾವಿಸಿಕೊಂಡು, ಆ ಹಲಗೆಗೆ ಕೀಟದ ತಲೆ ಮತ್ತು ಬಾಲದ ತುದಿ ಒಂದೇ ದೂರದಲ್ಲಿವೆಯೇ ಎಂದು ಪ್ರತಿ ಸಲವೂ ನೋಡಿಕೊಳ್ಳಿ. ಹೊಂದಿಸಲಾಗದಿದ್ದರೆ ಬಾಲ ಮಸುಕಾದರೂ ಸರಿ, ಕಣ್ಣು ಮಾತ್ರ ಹರಿತವಾಗಿರಬೇಕು.

ಕೈಯಲ್ಲಿ ಹಿಡಿದು ತೆಗೆಯುವಾಗ 1/250 ಸೆಕೆಂಡು ಅಥವಾ ಅದಕ್ಕಿಂತ ವೇಗ, ಎಫ್/8ರಿಂದ ಎಫ್/11, ಐಎಸ್ಒ 400ರಿಂದ 1600ರ ನಡುವೆ ಎಂದು ಶುರುಮಾಡಿ. ಆಟೊಫೋಕಸ್ ಹುಲ್ಲಿಗೆ ಜಾರುತ್ತದೆ; ದೂರವನ್ನು ಕೈಯಿಂದ ಹೊಂದಿಸಿಟ್ಟು, ಮೈಯನ್ನೇ ಹಿಂದೆ ಮುಂದೆ ಕೂದಲೆಳೆಯಷ್ಟು ತೂಗಿ ಕಣ್ಣು ಸ್ಪಷ್ಟವಾದ ಗಳಿಗೆಯಲ್ಲಿ ನಾಲ್ಕೈದು ಚಿತ್ರಗಳನ್ನು ಒಟ್ಟಿಗೆ ತೆಗೆಯುವುದು ನಂಬಿಕೆಯ ದಾರಿ. ಕೋರಮಂಡಲಿಯಾನಮ್‌ನ ಹಳದಿ ಮತ್ತು ಕಾಪರದ ಬಿಳಿ ಬಿಸಿಲಿನಲ್ಲಿ ಬೇಗ ಸುಟ್ಟುಹೋಗುತ್ತವೆ, ಎಕ್ಸ್‌ಪೋಶರನ್ನು ಅರ್ಧ ಸ್ಟಾಪಿನಷ್ಟು ಇಳಿಸಿ. ನೆರಳಿನಲ್ಲಿ ಫ್ಲ್ಯಾಶ್ ಬಳಸುವುದಾದರೆ ಅದರ ಮುಂದೆ ಪ್ಯಾಕಿಂಗಿಗೆ ಬರುವ ಬಿಳಿ ಫೋಮ್ ಹಾಳೆಯನ್ನು ಎರಡು ಪದರ ಮಾಡಿ ರಬ್ಬರ್ ಬ್ಯಾಂಡಿನಿಂದ ಬಿಗಿದರೆ ಸಾಕು. ಬರಿಯ ಫ್ಲ್ಯಾಶಿನಲ್ಲಿ ಕಣ್ಣಿನ ಮೇಲೆ ಬಿಳಿ ಚುಕ್ಕೆಯೊಂದು ಕೂತು ಕೀಟ ಪ್ಲಾಸ್ಟಿಕ್ ಗೊಂಬೆಯಂತೆ ಕಾಣುತ್ತದೆ.

ರೂಬಿಯ ರೆಕ್ಕೆಯ ಹೊಳಪಿಗೆ ಮಾತ್ರ ಫ್ಲ್ಯಾಶನ್ನು ಪೂರ್ತಿ ಆರಿಸಿ. ಆ ಬಣ್ಣ ಬೆಳಕು ಬೀಳುವ ಕೋನದಿಂದ ಹುಟ್ಟುವಂಥದ್ದು. ಕೀಟ ಕೂತ ಮೇಲೆ ನೀವು ಒಂದು ಗೇಣು ಎಡಕ್ಕೆ, ಒಂದು ಗೇಣು ಬಲಕ್ಕೆ ಸರಿಯುತ್ತ ಹೋದರೆ ಕಪ್ಪು ರೆಕ್ಕೆಯಲ್ಲಿ ಒಮ್ಮೆಲೇ ತಾಮ್ರದ ಕಿಟಕಿಗಳು ತೆರೆದುಕೊಳ್ಳುವ ಒಂದು ಜಾಗವಿರುತ್ತದೆ. ಅದು ಅಂಗೈಯಗಲದ ಜಾಗ, ತಲೆ ಅಲುಗಿದರೂ ತಪ್ಪಿಹೋಗುತ್ತದೆ. ಅಲ್ಲಿ ಸಿಕ್ಕ ಒಂದು ಚಿತ್ರಕ್ಕಾಗಿ ಇಡೀ ಬೆಳಗನ್ನು ಕೊಡುವುದು ನನ್ನ ಮಟ್ಟಿಗೆ ದುಬಾರಿಯಲ್ಲ.

ಹಿನ್ನೆಲೆಯನ್ನು ಮರೆಯಬೇಡಿ. ಕೀಟದ ಹಿಂದಿನ ಹುಲ್ಲು ಒಂದೆರಡು ಅಡಿ ದೂರವಿದ್ದರೆ ಹಸಿರು ಹಿತವಾಗಿ ಕರಗುತ್ತದೆ. ಅಡ್ಡ ಬರುವ ಹುಲ್ಲನ್ನು ಕೀಳುವ ಬದಲು ಬೆರಳಿನಿಂದ ಬಾಗಿಸಿ ಹಿಡಿಯಿರಿ.

ಜೋಡಿ, ಮೊಟ್ಟೆ, ಪೊರೆ

ಒಂದೇ ಕೀಟದ ಒಂದೇ ಭಂಗಿಯ ಚಿತ್ರಗಳು ಬೇಗ ಬೇಸರ ತರುತ್ತವೆ. ಜೋಡಿಯೊಂದು ಕಂಡರೆ ಬೇರೆಲ್ಲವನ್ನೂ ಬಿಟ್ಟು ಅದರ ಜೊತೆ ಇರಿ. ಗಂಡು ಬಾಲದ ತುದಿಯ ಇಕ್ಕಳದಿಂದ ಹೆಣ್ಣಿನ ಕುತ್ತಿಗೆಯ ಹಿಂಭಾಗವನ್ನು ಹಿಡಿದು, ಹೆಣ್ಣು ತನ್ನ ಬಾಲವನ್ನು ಬಾಗಿಸಿ ಗಂಡಿನ ಹೊಟ್ಟೆಯ ಮುಂಭಾಗಕ್ಕೆ ಜೋಡಿಸಿದಾಗ ಎರಡೂ ಸೇರಿ ಹೃದಯದ ಆಕಾರವಾಗುತ್ತದೆ. ಕೂಟ ಮುಗಿದ ಮೇಲೂ ಹಲವು ಬಗೆಗಳಲ್ಲಿ ಗಂಡು ಹೆಣ್ಣನ್ನು ಬಿಡುವುದಿಲ್ಲ. ಹೆಣ್ಣು ಕಾಂಡಕ್ಕೆ ಮೊಟ್ಟೆಯಿಡುವಾಗ ಅದರ ಕುತ್ತಿಗೆಯ ಮೇಲೆ ಗೂಟ ನೆಟ್ಟಂತೆ ನೆಟ್ಟಗೆ ನಿಂತು ಕಾಯುತ್ತದೆ. ಇದಕ್ಕೆ ಕಾರಣವಿದೆ. ಹಿಂದೆ ಕೂಡಿದ ಗಂಡಿನ ವೀರ್ಯವನ್ನು ಹೊಸ ಗಂಡು ಹೊರತೆಗೆದು ಬಿಡುತ್ತದೆಂಬುದನ್ನು ಅಮೆರಿಕದ ಜೀವವಿಜ್ಞಾನಿ ಜೊನಾಥನ್ ವಾಗೆ 1979ರಲ್ಲಿ ತೋರಿಸಿದರು. ಕಾವಲು ಬಿಟ್ಟರೆ ಪಟ್ಟ ಶ್ರಮವೆಲ್ಲ ಹೋಯಿತು. ನಮಗೆ ಇದರಿಂದಾಗುವ ಲಾಭವೆಂದರೆ, ಮೊಟ್ಟೆಯಿಡುತ್ತಿರುವ ಜೋಡಿ ಎಷ್ಟೋ ಹೊತ್ತು ಒಂದೇ ಗಿಡದ ಆಸುಪಾಸಿನಲ್ಲಿರುತ್ತದೆ, ಹತ್ತಿರ ಹೋದರೂ ಬೇಗ ಬೆದರುವುದಿಲ್ಲ. ಕೆಲವು ಬಗೆಗಳಲ್ಲಿ ಹೆಣ್ಣು ಕಾಂಡ ಹಿಡಿದು ಪೂರ್ತಿ ನೀರಿನೊಳಗೇ ಇಳಿದುಹೋಗುತ್ತದೆ. ಮುಳುಗಿತೆಂದು ಕಡ್ಡಿ ಹಾಕಿ ಮೇಲೆತ್ತಲು ಹೋಗಬೇಡಿ.

ಬೆಳಗಿನ ಹೊತ್ತು ಜೊಂಡಿನ ಬುಡದಲ್ಲಿ, ನೀರಿನಿಂದ ಕೆಲವೇ ಅಂಗುಲ ಮೇಲೆ, ಮರಿಯ ಒಣ ಪೊರೆ ಅಂಟಿಕೊಂಡು ಅದರ ಪಕ್ಕದಲ್ಲಿ ಮಂಕು ಬಣ್ಣದ ಕೀಟ ಕೂತಿದ್ದರೆ ಅದು ಈಗತಾನೇ ಹೊರಬಂದದ್ದು. ರೆಕ್ಕೆ ಇನ್ನೂ ಹಸಿ. ಆ ಗಳಿಗೆಯಲ್ಲಿ ಹೆದರಿ ಹಾರಿದರೆ ರೆಕ್ಕೆ ಮಡಚಿ ನೀರಿಗೆ ಬೀಳುತ್ತದೆ, ಆದ್ದರಿಂದ ದೂರದಿಂದ ಒಂದೆರಡು ಚಿತ್ರ ತೆಗೆದು ಸರಿದುಬಿಡಿ. ಕೀಟವನ್ನು ಫ್ರಿಜ್ಜಿನಲ್ಲಿಟ್ಟು ತಣ್ಣಗಾಗಿಸಿ ಬೇಕಾದ ಹೂವಿನ ಮೇಲೆ ಕೂರಿಸಿ ತೆಗೆಯುವವರಿದ್ದಾರೆ. ಆ ಚಿತ್ರಗಳಲ್ಲಿ ಕಾಲುಗಳು ಹಿಡಿತವಿಲ್ಲದೆ ಜೋತಿರುವುದನ್ನು ನೋಡಿದರೆ ತಿಳಿದವರಿಗೆ ಗೊತ್ತಾಗುತ್ತದೆ.

ಹೆಸರು ಹಚ್ಚಲು ಬೇಕಾದ ಚಿತ್ರಗಳು

ಚೆಂದದ ಚಿತ್ರವೊಂದು ಸಿಕ್ಕಿದ ಮೇಲೆ, ಕೀಟ ಇನ್ನೂ ಅಲ್ಲೇ ಇದ್ದರೆ, ಚೆಂದವಿಲ್ಲದ ಮೂರು ಚಿತ್ರಗಳನ್ನು ತೆಗೆದುಕೊಳ್ಳಿ. ಮೇಲಿನಿಂದ ತಲೆ ಮತ್ತು ಬೆನ್ನು, ಮಗ್ಗುಲಿನಿಂದ ಎದೆಯ ಪಟ್ಟೆಗಳು, ಬಾಲದ ಕೊನೆಯ ಮೂರು ಖಂಡಗಳು. ಸೇನೆಯ ವೈದ್ಯರಾಗಿದ್ದು ದಕ್ಷಿಣ ಭಾರತದ ಹೊಳೆಗಳನ್ನು ಸುತ್ತಿದ ಎಫ್.ಸಿ. ಫ್ರೇಸರ್ 1933ರಿಂದ 1936ರ ನಡುವೆ ಮೂರು ಸಂಪುಟಗಳಲ್ಲಿ ನಮ್ಮ ಬಗೆಗಳನ್ನು ವಿವರಿಸಿದಾಗ ಬಾಲದ ತುದಿಯ ಇಕ್ಕಳದ ಆಕಾರಕ್ಕೂ ರೆಕ್ಕೆಯ ನರಗಳ ಜೋಡಣೆಗೂ ಹೆಚ್ಚು ತೂಕ ಕೊಟ್ಟರು. ಇಂದಿಗೂ ನೀಲಿ–ಕಪ್ಪು ಸೂಡಾಗ್ರಿಯಾನ್‌ಗಳನ್ನು ಬೇರ್ಪಡಿಸುವುದು ಆ ತುದಿಯನ್ನು ನೋಡಿಯೇ. ಹೆಸರುಗಳು ಬದಲಾಗುತ್ತಿರುತ್ತವೆ ಎಂಬುದೂ ನೆನಪಿರಲಿ. ನಮ್ಮ ಹೆಲಿಯೊಡಾರ್ ಹಳೆಯ ಪಟ್ಟಿಗಳಲ್ಲಿ ಲಿಬೆಲ್ಲಾಗೊ ಲಿನಿಯೇಟ ಎಂದಿದ್ದದ್ದು ಈಗ ಲಿಬೆಲ್ಲಾಗೊ ಇಂಡಿಕ ಆಗಿದೆ, ಇಷ್ನೂರ ರೂಬಿಲಿಯೊವನ್ನು ಹಿಂದೆ ಇಷ್ನೂರ ಅರೋರ ಎನ್ನುತ್ತಿದ್ದರು. ಜೀವಿಗಳ ಚಿತ್ರ ಹಂಚಿಕೊಳ್ಳುವ ಐನ್ಯಾಚುರಲಿಸ್ಟ್ ಜಾಲತಾಣಕ್ಕೆ ಚಿತ್ರ ಹಾಕಿದರೆ ಬಲ್ಲವರು ತಿದ್ದುತ್ತಾರೆ, ಆದರೆ ಮೊಬೈಲ್ ತಾನಾಗಿ ಸೂಚಿಸಿದ ಹೆಸರನ್ನು ಹಾಗೆಯೇ ಒಪ್ಪಿಕೊಳ್ಳಬಾರದು.

ಚಿತ್ರದ ಜೊತೆಗೆ ಜೇಬಿನಲ್ಲಿ ಒಂದು ಸಣ್ಣ ಪುಸ್ತಕವಿರಲಿ. ದಿನಾಂಕ, ಹೊತ್ತು, ನೀರು ಹರಿಯುತ್ತಿತ್ತೋ ನಿಂತಿತ್ತೋ, ಬಿಸಿಲೋ ನೆರಳೋ, ಯಾವ ಗಿಡದ ಮೇಲೆ ಕೂತಿತ್ತು, ಜೊತೆಯಲ್ಲಿ ಇನ್ನೇನಿತ್ತು ಎಂಬುದನ್ನು ಅಲ್ಲೇ ಬರೆದುಕೊಳ್ಳಿ. ಮನೆಗೆ ಬಂದ ಮೇಲೆ ನೆನಪಿನಿಂದ ಬರೆದದ್ದು ಉಪಯೋಗಕ್ಕೆ ಬರುವುದಿಲ್ಲ. ಒಂದು ಬಸಿಗಾಲುವೆಯ ಹತ್ತಿರ ಸಿಗುತ್ತಿದ್ದ, ಎದೆಯೆಲ್ಲ ಕಿತ್ತಳೆ ಬಣ್ಣದ ಪುಟ್ಟ ಕೀಟವೊಂದನ್ನು ನಾನು ಎರಡು ವರ್ಷ ಬೇರೆಯದೇ ಬಗೆಯೆಂದು ನಂಬಿ, ಅದಕ್ಕೆ ಪುಸ್ತಕದಲ್ಲಿ ಪ್ರತ್ಯೇಕ ಪುಟವನ್ನೇ ಕೊಟ್ಟಿದ್ದೆ. ಹೆಸರು ಮಾತ್ರ ಯಾರಿಂದಲೂ ಸಿಗಲಿಲ್ಲ, ಏಕೆಂದರೆ ನನ್ನ ಬಳಿ ಇದ್ದದ್ದೆಲ್ಲ ಮಗ್ಗುಲಿನ ಚೆಂದದ ಚಿತ್ರಗಳೇ. ಆಮೇಲೆ ಒಂದು ದಿನ ಹಳೆಯ ಟಿಪ್ಪಣಿಗಳನ್ನು ತಿರುವುತ್ತಿದ್ದಾಗ, ಆ ಕಿತ್ತಳೆ ಕೀಟವನ್ನು ಬರೆದುಕೊಂಡ ಪ್ರತಿ ಪುಟದಲ್ಲೂ "ಜೊತೆಯಲ್ಲಿ: ಸೆನೆಗಲೆನ್ಸಿಸ್" ಎಂಬ ಸಾಲಿರುವುದು ಕಂಡಿತು. ಅದು ಸೆನೆಗಲೆನ್ಸಿಸ್‌ನದೇ ಎಳೆಯ ಹೆಣ್ಣು.